ಕಿಲೋಮೀಟರ್ ಮಾತ್ರ ನೋಡಬೇಡಿ, ರಬ್ಬರಿನ ವಯಸ್ಸೂ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಏಪ್ರಿಲ್ ಕೊನೆಗೆ ಒಂದೆರಡು ಜೋರು ಮಳೆ ಬಿದ್ದವೆಂದರೆ ಬೆಂಗಳೂರಿನ ಗ್ಯಾರೇಜುಗಳಿಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ವೈಪರ್ ಕಿರ್ರೆನ್ನುತ್ತದೆ. ಹಂಪ್ ಇಳಿಯುವಾಗ ಮುಂದಿನ ಚಕ್ರದ ಹತ್ತಿರ ದಡ್ ಎಂಬ ಸದ್ದು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬೆಲ್ಟ್ ಕೀಚಲು. ಕಾಲಡಿಯ ಮ್ಯಾಟ್ ಒದ್ದೆ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಬೇರೆ ಬೇರೆ ಕಾಯಿಲೆಗಳಂತೆ ಕಾಣುವ ಇವುಗಳಲ್ಲಿ ಬಹುಪಾಲು ರಬ್ಬರಿನದೇ ತಂಟೆ. ಮಾಲೀಕರ ಮಾತೂ ಒಂದೇ: 'ಗಾಡಿ ಇನ್ನೂ ಮೂವತ್ತು ಸಾವಿರ ಓಡಿಲ್ಲ, ಅಷ್ಟರಲ್ಲೇ ಹೋಯ್ತಾ?' ಓಡಿಲ್ಲ, ನಿಜ. ಆದರೆ ಗಾಡಿಗೆ ಎಂಟು ವರ್ಷ ತುಂಬಿರುತ್ತದೆ. ಮೆಟ್ರೊದಲ್ಲಿ ಆಫೀಸಿಗೆ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವ ಮನೆಗಳು ಹೆಚ್ಚುತ್ತಿರುವ ಈ ಊರಿನಲ್ಲಿ ಕಿಲೋಮೀಟರ್ ಲೆಕ್ಕ ನೋಡಿ ರಬ್ಬರಿನ ಆರೋಗ್ಯ ಹೇಳಲಾಗದು. ಕಾರು ನಿಂತಲ್ಲೇ ನಿಂತಿದ್ದರೂ ಬಿಸಿಲು, ಗಾಳಿಯಲ್ಲಿರುವ ಓಝೋನ್ ಮತ್ತು ಎಂಜಿನ್ನಿನ ಕಾವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ಸರ್ಕಾರದ ತಪಾಸಣೆಯೂ ಇದನ್ನು ಹಿಡಿಯುವುದಿಲ್ಲ. ಖಾಸಗಿ ಕಾರು ನೋಂದಣಿಯ 15 ವರ್ಷ ಮುಗಿಸಿ ನವೀಕರಣಕ್ಕೆ ಬರುವ ತನಕ ಆರ್‌ಟಿಒ ಅಧಿಕಾರಿ ಅದರ ಅಡಿಗೆ ಬಗ್ಗಿ ನೋಡುವ ಸಂದರ್ಭವೇ ಇಲ್ಲ. ಎಮಿಷನ್ ಟೆಸ್ಟ್ ಹೊಗೆಯನ್ನಷ್ಟೇ ಅಳೆಯುತ್ತದೆ. ಫ್ರೀ ಸರ್ವಿಸ್‌ಗಳು ಮುಗಿದ ಮೇಲೆ ಬ್ರೇಕ್ ಹೋಸ್ ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ನೋಡುವ ಹೊಣೆ ಪೂರ್ತಿ ಮಾಲೀಕರದು. ಈ ಹೊಣೆ ಹೊರಲು ಬೇಕಾದ ವಿವರಗಳನ್ನು ತಮ್ಮ ಪತ್ರಿಕೆಯ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಪತ್ರದ ಉದ್ದೇಶ.

ಮೊದಲು ತಿಳಿಯಬೇಕಾದದ್ದು, ಕಾರಿನಲ್ಲಿರುವುದೆಲ್ಲ ಒಂದೇ ರಬ್ಬರ್ ಅಲ್ಲ. ಸಸ್ಪೆನ್ಷನ್ನಿನ ಕೀಲುಗಳಲ್ಲಿ ಕೂರುವ ಬುಷ್, ಎಂಜಿನ್ನನ್ನು ಹೊತ್ತ ಮೌಂಟಿಂಗ್‌ಗಳಲ್ಲಿ ಹೆಚ್ಚಾಗಿ ಮರದಿಂದ ಬರುವ ನೈಸರ್ಗಿಕ ರಬ್ಬರ್ ಇರುತ್ತದೆ. ಲಕ್ಷಾಂತರ ಸಲ ಹಿಗ್ಗಿ ಕುಗ್ಗಿದರೂ ಹರಿಯದ ಗುಣ ಅದರದು. ರೇಡಿಯೇಟರ್ ಹೋಸ್, ಬ್ರೇಕ್ ಹೋಸ್, ಬಾಗಿಲಿನ ಬೀಡಿಂಗ್, ಈಚಿನ ಫ್ಯಾನ್ ಬೆಲ್ಟ್‌ಗಳು ಇಪಿಡಿಎಂ ಎಂಬ ಕೃತಕ ರಬ್ಬರಿನವು. ಬಿಸಿಲು, ಓಝೋನ್ ಎರಡನ್ನೂ ಅದು ಚೆನ್ನಾಗಿ ತಡೆಯುತ್ತದೆ. ಆಯಿಲ್ ಸೀಲ್‌ಗಳಲ್ಲಿ ಹೆಚ್ಚಾಗಿ ನೈಟ್ರೈಲ್ ಎಂಬ ಇನ್ನೊಂದು ಕೃತಕ ರಬ್ಬರ್. ಆಯಿಲ್‌ಗೆ ಬಗ್ಗುವುದಿಲ್ಲ, ಓಝೋನ್‌ಗೆ ಬೇಗ ಸೀಳುತ್ತದೆ. ನೈಸರ್ಗಿಕ ರಬ್ಬರ್ ಮತ್ತು ಇಪಿಡಿಎಂಗೆ ಡೀಸೆಲ್, ಎಂಜಿನ್ ಆಯಿಲ್, ಗ್ರೀಸ್ ಎಂದರೆ ಆಗದು. ಅವನ್ನು ಹೀರಿಕೊಂಡು ಊದಿ ಮೆತ್ತಗಾಗುತ್ತವೆ, ಅಂಟಿಕೊಂಡ ಕಬ್ಬಿಣದ ಕೊಳವೆಯಿಂದ ಬಿಟ್ಟುಕೊಳ್ಳುತ್ತವೆ.

ಹೀಗಿರುವಾಗ ನಮ್ಮ ವಾಟರ್ ಸರ್ವಿಸ್ ಅಂಗಡಿಗಳಲ್ಲಿ ಕಾರು ತೊಳೆದಾದ ಮೇಲೆ ಅಡಿಭಾಗಕ್ಕೆಲ್ಲ ಡೀಸೆಲ್ ಇಲ್ಲವೇ ಹಳೆ ಎಂಜಿನ್ ಆಯಿಲ್ ಹೊಡೆಯುವ ಪದ್ಧತಿ ಇನ್ನೂ ನಿಂತಿಲ್ಲ. ತುಕ್ಕು ಹಿಡಿಯದಿರಲಿ, ಸದ್ದು ನಿಲ್ಲಲಿ ಎಂಬುದು ಅವರ ಲೆಕ್ಕ. ಸದ್ದು ನಿಲ್ಲುವುದು ನಿಜ, ಒಂದು ವಾರದ ಮಟ್ಟಿಗೆ. ಆಮೇಲೆ ಸ್ಟೆಬಿಲೈಸರ್ ಬುಷ್, ಚಕ್ರವನ್ನು ಗಾಡಿಯ ಅಡಿಗೆ ಹಿಡಿದ ಲೋವರ್ ಆರ್ಮಿನ ಬುಷ್, ಸೈಲೆನ್ಸರ್ ರಬ್ಬರ್ ಒಂದೊಂದಾಗಿ ಊದಲು ಶುರು. ಎಣ್ಣೆಗೆ ಅಂಟಿದ ರಸ್ತೆ ದೂಳು ಮರಳು ಕಾಗದದಂತೆ ಉಜ್ಜುವುದು ಬೇರೆ. 'ಆಯಿಲ್ ಹೊಡೆಯಬೇಡಿ, ಬರೀ ನೀರು ಸಾಕು' ಎಂದು ಮೊದಲೇ ಹೇಳಿಬಿಡಿ. ತುಕ್ಕಿನ ಭಯವಿದ್ದರೆ ರಬ್ಬರಿಗೆ ಮಾಸ್ಕಿಂಗ್ ಟೇಪ್ ಸುತ್ತಿ ಮಾಡುವ ಅಂಡರ್‌ಬಾಡಿ ಕೋಟಿಂಗ್ ಬೇರೆಯೇ ಇದೆ.

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಒಳ್ಳೆಯ ಟಾರ್ಚ್, ಕೈ ಹೋಗದ ಜಾಗ ನೋಡಲು ಮೊಬೈಲ್ ಕ್ಯಾಮೆರಾ, ಒಂದು ಹಳೆ ಬಟ್ಟೆ ಸಾಕು. ಎಂಜಿನ್ ಪೂರ್ತಿ ತಣ್ಣಗಿರಬೇಕು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ನೋಡುವುದು ಸರಿಯಾದ ಹೊತ್ತು. ಅಡಿಗೆ ಹೋಗುವುದಾದರೆ ಕಾರಿನ ಜೊತೆ ಬಂದ ಜ್ಯಾಕ್ ಒಂದನ್ನೇ ನಂಬಿ ಯಾರೂ ತಲೆ ಒಳಗಿಡಬಾರದು. ಸ್ಟ್ಯಾಂಡ್ ಇರಲಿ, ಇಲ್ಲವಾದರೆ ಗ್ಯಾರೇಜಿನ ಲಿಫ್ಟ್ ಮೇಲೆ ನೋಡಿ.

ಬಾನೆಟ್ ತೆಗೆದ ಕೂಡಲೇ ಕಾಣುವ ದಪ್ಪ ಪೈಪು ರೇಡಿಯೇಟರಿನ ಮೇಲಿನ ಹೋಸ್. ಎಲ್ಲರೂ ನಡುಭಾಗ ಹಿಚುಕಿ 'ಚೆನ್ನಾಗಿದೆ' ಎನ್ನುತ್ತಾರೆ. ಹೋಸ್ ಸಾಯುವುದು ತುದಿಯಲ್ಲಿ, ಕ್ಲಿಪ್ಪಿನಿಂದ ಒಂದೆರಡು ಇಂಚಿನೊಳಗೆ. ಕೂಲಂಟ್ (ಎಂಜಿನ್ ತಣಿಸುವ ದ್ರವ) ಮತ್ತು ಲೋಹದ ಭಾಗಗಳ ನಡುವೆ ಹುಟ್ಟುವ ಸಣ್ಣ ವಿದ್ಯುತ್ ಒಳಗಿನಿಂದ ರಬ್ಬರಿನಲ್ಲಿ ಉದ್ದುದ್ದ ಸೀಳು ಬರಿಸುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆದ್ದರಿಂದ ಕ್ಲಿಪ್ಪಿನ ಪಕ್ಕದಲ್ಲೇ ಹೆಬ್ಬೆರಳು ತೋರುಬೆರಳಿನಿಂದ ಒತ್ತಿ, ನಡುಭಾಗದೊಂದಿಗೆ ಹೋಲಿಸಿ. ತುದಿ ಮೆತ್ತಗೆ, ಒಳಗೆ ಟೊಳ್ಳು ಬಿದ್ದಂತೆ ಅನಿಸಿದರೆ ಹೋಸ್ ಬದಲಿಸಬೇಕು. ಒತ್ತಿದಾಗ ಚರಚರ ಎಂದರೆ ಕಾವಿಗೆ ಗಟ್ಟಿಯಾಗಿದೆ. ಎಲ್ಲಾದರೂ ಉಬ್ಬಿದ್ದರೆ ಒಳಗಿನ ನೂಲಿನ ಹೆಣಿಗೆ ಹರಿದಿದೆ, ಆ ಗಾಡಿಯನ್ನು ಹೈವೇಗೆ ಒಯ್ಯಬೇಡಿ. ಕೆಳಗಿನ ಹೋಸ್ ತಣ್ಣಗಿದ್ದಾಗ ಚಪ್ಪಟೆಯಾಗಿ ಒಳಗೆಳೆದುಕೊಂಡಿದ್ದರೆ ಮೊದಲು ರೇಡಿಯೇಟರ್ ಕ್ಯಾಪ್ ನೋಡಿ. ತಣಿಯುವಾಗ ಕೂಲಂಟನ್ನು ವಾಪಸ್ ಬಿಡಬೇಕಾದ ಅದರ ಸಣ್ಣ ವಾಲ್ವ್ ಕಚ್ಚಿಕೊಂಡಿರುತ್ತದೆ.

ಈ ಊರಿಗೆ ಸಂಬಂಧಿಸಿದ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ ಅದಕ್ಕಿಂತ ಹೆಚ್ಚು ಬಿಸಿಯಾದರೂ ಕುದಿಯದಿರುವುದು ಅದರಲ್ಲಿರುವ ಗ್ಲೈಕಾಲ್ ಎಂಬ ರಾಸಾಯನಿಕ ಮತ್ತು ಕ್ಯಾಪ್ ಹಿಡಿದಿಟ್ಟ ಸುಮಾರು ಒಂದು ಬಾರ್ ಒತ್ತಡದಿಂದ. ಹೋಸ್ ತುದಿಯಲ್ಲಿ ಸೂಜಿಮೊನೆಯಷ್ಟು ಸೋರಿಕೆ ಇದ್ದರೂ ಆ ಒತ್ತಡ ನಿಲ್ಲುವುದಿಲ್ಲ. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬಿಸಿದ್ದರಂತೂ ಗ್ಲೈಕಾಲ್ ತೆಳುವಾಗಿ, ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿ, ಟ್ರಾಫಿಕ್‌ನಲ್ಲಿ ಎಂಜಿನ್ ಕುದಿಯಲು ಎಲ್ಲ ಸಿದ್ಧತೆ ಆದಂತೆ.

ಹೋಸ್ ಬದಲಿಸುವವರಿಗೆ: ರೇಡಿಯೇಟರಿನ ಕೆಳಗಿನ ಡ್ರೈನ್ ಪ್ಲಗ್‌ನಿಂದ ಕೂಲಂಟ್ ಬಸಿದು ಟ್ರೇಯಲ್ಲಿ ಹಿಡಿಯಿರಿ. ಎಥಿಲೀನ್ ಗ್ಲೈಕಾಲ್ ಸಿಹಿ ವಿಷ, ಬೀದಿನಾಯಿ ನೆಕ್ಕಿದರೆ ಉಳಿಯುವುದಿಲ್ಲ. ಚರಂಡಿಗೆ, ರಸ್ತೆಗೆ ಚೆಲ್ಲಬೇಡಿ. ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂ ಡ್ರೈವರ್ ತೂರಿಸಿ ಮೀಟದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಈಗಿನ ರೇಡಿಯೇಟರುಗಳ ಮೂತಿ ಪ್ಲಾಸ್ಟಿಕ್‌ನದು, ಒಂದು ತಿರುಚಿಗೆ ಮುರಿಯುತ್ತದೆ. ಮುರಿದರೆ ಹೋಸಿನ ಖರ್ಚಿಗೆ ರೇಡಿಯೇಟರ್ ಖರ್ಚೂ ಸೇರುತ್ತದೆ. ಮೂತಿಯ ಮೇಲಿನ ಬಿಳಿ ಪುಡಿ ಒರೆಸಿ, ಹೊಸ ಹೋಸಿಗೆ ಬರೀ ಕೂಲಂಟ್ ಸವರಿ ಏರಿಸಿ. ಗ್ರೀಸ್ ಬೇಡ. ಕ್ಲಿಪ್ ಮೂತಿಯ ಉಬ್ಬುಗೆರೆಯ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ. ಕಂಪನಿ ಕೊಟ್ಟ ಸ್ಪ್ರಿಂಗ್ ಕ್ಲಿಪ್ ಚೆನ್ನಾಗಿದ್ದರೆ ಅದನ್ನೇ ಹಾಕಿ. ರಬ್ಬರ್ ಬಿಸಿಗೆ ಹಿಗ್ಗಿ ತಣ್ಣಗೆ ಕುಗ್ಗಿದರೂ ಅದರ ಬಿಗಿ ಜೊತೆಯಲ್ಲೇ ಹೊಂದಿಕೊಳ್ಳುತ್ತದೆ. ಸ್ಕ್ರೂ ಕ್ಲಿಪ್ ಹಾಗಲ್ಲ, ಹೆಚ್ಚು ಬಿಗಿದರೆ ರಬ್ಬರ್ ಕತ್ತರಿಸುತ್ತದೆ. ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ಬೆರೆಸಿ, ಅಥವಾ ರೆಡಿಮಿಕ್ಸ್ ತಂದು, ನಿಧಾನವಾಗಿ ತುಂಬಿ. ಹೀಟರ್ ಪೂರ್ತಿ ಬಿಸಿಗಿಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವ ತನಕ ಐಡಲ್‌ನಲ್ಲಿ ಬಿಟ್ಟು, ತಣಿದ ಮೇಲೆ ಕಡಿಮೆಯಾದಷ್ಟು ಮತ್ತೆ ತುಂಬಿ. ಗಾಳಿ ಒಳಗುಳಿದರೆ ಹೊಸ ಹೋಸ್ ಹಾಕಿಯೂ ಎಂಜಿನ್ ಕಾಯುತ್ತದೆ, ಬೈಗುಳ ಮಾತ್ರ ಹೋಸಿಗೆ.

ಬೆಲ್ಟ್ ವಿಷಯದಲ್ಲಿ ಹಳೆಯ ಪಾಠ ಸ್ವಲ್ಪ ತಿದ್ದಿಕೊಳ್ಳಬೇಕಿದೆ. ಬಿರುಕು ಕಂಡರೆ ಬದಲಿಸಿ, ಇಲ್ಲದಿದ್ದರೆ ಓಡಿಸಿ ಎಂಬುದು ನಿಯೋಪ್ರಿನ್ ಎಂಬ ಹಳೆಯ ಬಗೆಯ ರಬ್ಬರ್ ಬೆಲ್ಟಿನ ಕಾಲದ ಮಾತು. ಇಪಿಡಿಎಂ ಬೆಲ್ಟ್ ಬಿರುಕು ಬಿಡದೆಯೇ ಟೈರಿನಂತೆ ಸವೆಯುತ್ತದೆ. ಗೆರೆಗಳ ನಡುವಿನ ಕಣಿವೆ ಅಗಲವಾಗಿ, ಬೆಲ್ಟ್ ಪುಲ್ಲಿಯ ತಳಕ್ಕೆ ತಾಗಿ ಜಾರತೊಡಗುತ್ತದೆ. ನೋಡಿದರೆ ಹೊಸದರಂತಿರುತ್ತದೆ, ಸವೆತ ಅಳೆಯುವ ಸಣ್ಣ ಪ್ಲಾಸ್ಟಿಕ್ ಗೇಜ್ ಇಟ್ಟರೆ ಮಾತ್ರ ಸತ್ಯ ಗೊತ್ತಾಗುವುದು. ಕೀಚಲು ಸದ್ದಿದ್ದರೆ ಎಂಜಿನ್ ಐಡಲ್‌ನಲ್ಲಿರುವಾಗ, ಕೈ ಬಟ್ಟೆ ದೂರವಿಟ್ಟು, ಬೆಲ್ಟಿನ ಗೆರೆಯ ಬದಿಗೆ ಬಾಟಲಿಯಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಜೋರಾದರೆ ಬೆಲ್ಟ್ ಸಡಿಲ ಅಥವಾ ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋತಿದೆ. ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಬೆಲ್ಟ್ ಮೇಲೆ ಹೊಡೆಯುವ ಸ್ಪ್ರೇಗಳನ್ನು ಅಂಗಡಿಯಲ್ಲೇ ಬಿಡಿ; ಕಾಯಿಲೆ ಮುಚ್ಚಿಹೋಗುತ್ತದೆ, ದೂಳು ಮಾತ್ರ ಅಂಟುತ್ತದೆ.

ವಾಲ್ವ್‌ಗಳ ಚಲನೆಯನ್ನು ಪಿಸ್ಟನ್‌ಗೆ ಹೊಂದಿಸುವ ಟೈಮಿಂಗ್ ಬೆಲ್ಟ್ ಕವರಿನೊಳಗೆ ಇರುವುದರಿಂದ ಕಣ್ಣಳತೆಗೆ ಸಿಗುವುದಿಲ್ಲ. ನಿಮ್ಮ ಎಂಜಿನ್‌ನಲ್ಲಿ ಬೆಲ್ಟ್ ಇದೆಯೋ ಚೈನ್ ಇದೆಯೋ ಮ್ಯಾನುವಲ್ ನೋಡಿ ತಿಳಿದುಕೊಳ್ಳಿ. ಬೆಲ್ಟ್ ಆದರೆ ಅಲ್ಲಿ ಕೊಟ್ಟ ಕಿಲೋಮೀಟರ್ ಮತ್ತು ವರ್ಷ, ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅಂದೇ ಬದಲಿಸಬೇಕು. ಕಡಿಮೆ ಓಡಿದ ಕಾರಿನವರು ಮರೆಯುವುದು ಈ ವರ್ಷದ ಲೆಕ್ಕವನ್ನೇ. ಹರಿದರೆ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಹೆಡ್ ಇಳಿಸುವ ಕೆಲಸ ಬರುತ್ತದೆ. ಬೆಲ್ಟ್ ಜೊತೆ ಟೆನ್ಷನರ್, ಐಡ್ಲರ್ ಪುಲ್ಲಿ, ಅದೇ ಬೆಲ್ಟಿನಿಂದ ತಿರುಗುವುದಾದರೆ ವಾಟರ್ ಪಂಪ್ ಕೂಡ ಬದಲಿಸಿ, ಕೂಲಿ ಹೇಗೂ ಒಂದೇ.

ಇನ್ನು ಆಕ್ಸಲ್ ಬೂಟ್. ಸಕಾಲಕ್ಕೆ ನೋಡಿದರೆ ಇಷ್ಟು ಹಣ ಉಳಿಸುವ ಬೇರೆ ರಬ್ಬರ್ ಕಾರಿನಲ್ಲಿಲ್ಲ. ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಹೊರತುದಿಯ ಕೀಲಿಗೆ ಮಡಿಕೆ ಮಡಿಕೆಯಾದ ಬೂಟ್ ಇರುತ್ತದೆ, ಒಳಗೆ ಗ್ರೀಸ್. ಸ್ಟೀರಿಂಗ್ ಪೂರ್ತಿ ತಿರುಗಿದಾಗಲೆಲ್ಲ ಬೂಟಿನ ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಒತ್ತಿಕೊಳ್ಳುತ್ತದೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಇಕ್ಕಟ್ಟಾದ ರ‍್ಯಾಂಪ್‌ಗಳಲ್ಲಿ ದಿನವೂ ಇದೇ ಕಥೆ. ಬೇಸ್‌ಮೆಂಟಿನ ಇಲಿ ಕಡಿದ ಬೂಟುಗಳೂ ಇವೆ. ಸ್ಟೀರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚ್ ಹಾಕಿ, ಬೆರಳಿನಿಂದ ಮಡಿಕೆಗಳನ್ನು ಅಗಲಿಸಿ ತಳ ನೋಡಿ. ಸೀಳು ಹೆಚ್ಚಾಗಿ ಮಡಿಕೆಯ ತಳದಲ್ಲೇ ಹುಟ್ಟುವುದು. ರಿಮ್ಮಿನ ಒಳಮೈಗೆ, ಶಾಕ್ ಅಬ್ಸಾರ್ಬರ್‌ಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟ್ ಆಗಲೇ ಬಾಯಿಬಿಟ್ಟಿದೆ.

ಈಗ ಒಂದು ತೀರ್ಮಾನ ಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆದಾಗ ಕಟ್ ಕಟ್ ಸದ್ದಿಲ್ಲ, ಗ್ರೀಸ್ ಮುಟ್ಟಿ ಉಜ್ಜಿದರೆ ಮರಳು ತಾಗುವುದಿಲ್ಲ ಎಂದಾದರೆ ಬೂಟ್ ಕಿಟ್ ಸಾಕು. ಸದ್ದು ಬಂದಿದ್ದರೆ ಕೀಲಿನ ಗುಂಡುಗಳೂ ಅವು ಓಡುವ ತೋಡುಗಳೂ ಸವೆದಿವೆ. ಬೂಟ್ ಬದಲಿಸಿದರೆ ಸದ್ದಿನ ಮೇಲೆ ಹೊಸ ಮುಸುಕು ಹಾಕಿದಂತಷ್ಟೆ. ಕಿಟ್ ನೂರುಗಳ ಲೆಕ್ಕದಲ್ಲಿ ಬರುತ್ತದೆ, ಪೂರ್ತಿ ಆಕ್ಸಲ್ ಸಾವಿರಗಳ ಲೆಕ್ಕದಲ್ಲಿ. ಆದ್ದರಿಂದ 'ಬೂಟ್ ಹರಿದಿದೆ, ಆಕ್ಸಲ್ಲೇ ಬದಲಿಸಬೇಕು' ಎಂದವರಿಗೆ ಸದ್ದು ಕೇಳಿಸಿ ಎನ್ನಿ.

ಕಿಟ್‌ನಲ್ಲಿ ಬೂಟ್, ಮಾಲಿಬ್ಡಿನಂ ಬೆರೆತ ಕಪ್ಪು ಗ್ರೀಸಿನ ಪೊಟ್ಟಣ, ದೊಡ್ಡ ಮತ್ತು ಸಣ್ಣ ಬ್ಯಾಂಡ್ ಇರುತ್ತವೆ. ಸರ್ಕ್ಲಿಪ್ (ಕೀಲನ್ನು ಶಾಫ್ಟಿಗೆ ಹಿಡಿಯುವ ಉಂಗುರ) ಮತ್ತು ಶಾಫ್ಟನ್ನು ಚಕ್ರದ ನಡುವಿಗೆ ಹಿಡಿಯುವ ಹಬ್ ನಟ್ ಇಲ್ಲದಿದ್ದರೆ ಬೇರೆ ಕೊಳ್ಳಿ. ಹಬ್ ನಟ್ಟನ್ನು ಗಾಡಿ ನೆಲದ ಮೇಲಿರುವಾಗ, ಬ್ರೇಕ್ ಒತ್ತಿ ಹಿಡಿಸಿಕೊಂಡೇ ಸಡಿಲಿಸಬೇಕು. ಆಮೇಲೆ ಚಕ್ರ ಬಿಚ್ಚಿ, ಲೋವರ್ ಬಾಲ್ ಜಾಯಿಂಟ್ ಬಿಡಿಸಿ, ಹಬ್ ಹೊರಕ್ಕೆಳೆದು ಶಾಫ್ಟ್ ಬಿಡಿಸಿಕೊಳ್ಳಿ. ಹಾಗೆ ಎಳೆಯುವಾಗ ಒಳಗಿನ ಕೀಲು ಕಳಚದಂತೆ ಶಾಫ್ಟಿಗೆ ಕೈ ಆಸರೆ ಇರಬೇಕು. ಬ್ರೇಕ್ ಹೋಸ್ ಜಗ್ಗದಂತೆಯೂ ನೋಡಿಕೊಳ್ಳಬೇಕು. ಹಳೆ ಬೂಟ್ ಕತ್ತರಿಸಿ, ಕೀಲಿನ ಒಳಬಳೆಗೆ (ಇನ್ನರ್ ರೇಸ್) ಹಿತ್ತಾಳೆ ಸರಳಿಟ್ಟು ಬಡಿದರೆ ಕೀಲು ಕಳಚಿ ಬರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದೊಂದೇ ಗುಂಡಿನ ತೋಡು ನೋಡಿ; ಉಗುರಿಗೆ ತಡೆಯುವ ಗುಳಿ ಇದ್ದರೆ ಆ ಕೀಲು ಮುಗಿಯಿತು. ಸರಿಯಿದ್ದರೆ ಮೊದಲು ಹೊಸ ಬೂಟನ್ನೂ ಸಣ್ಣ ಬ್ಯಾಂಡನ್ನೂ ಶಾಫ್ಟಿಗೆ ತೂರಿಸಿ, ಆಮೇಲೆ ಕೀಲು. ಈ ಕ್ರಮ ತಪ್ಪಿ ಎರಡನೇ ಸಲ ಬಿಚ್ಚುವುದು ಗ್ಯಾರೇಜಿಗೆ ಹೊಸದಲ್ಲ. ಪೊಟ್ಟಣದ ಗ್ರೀಸ್ ಅಷ್ಟನ್ನೂ ಹಾಕಿ: ಹೆಚ್ಚಿನ ಪಾಲು ಕೀಲಿನೊಳಗೆ ತುರುಕಿ, ಉಳಿದದ್ದು ಬೂಟಿನೊಳಗೆ. ದೊಡ್ಡ ಬ್ಯಾಂಡ್ ಬಿಗಿದು, ಸಣ್ಣ ತುದಿಯನ್ನು ಒಮ್ಮೆ ಎತ್ತಿ ಸಿಕ್ಕಿಕೊಂಡ ಗಾಳಿ ಬಿಟ್ಟು, ಆಮೇಲೆ ಸಣ್ಣ ಬ್ಯಾಂಡ್ ಬಿಗಿಯಿರಿ. ಪ್ಲಾಸ್ಟಿಕ್ ಟ್ಯಾಗ್ ಕಟ್ಟಿದ ಬೂಟ್ ಹೆಚ್ಚು ದಿನ ಬಾಳುವುದಿಲ್ಲ. ಹಬ್ ನಟ್ಟಿಗೆ ಹಲವು ಸಣ್ಣ ಕಾರುಗಳಲ್ಲಿ 200 ನ್ಯೂಟನ್ ಮೀಟರ್ ಆಸುಪಾಸಿನ ಬಿಗಿ ಬೇಕು, ನಿಖರ ಅಂಕಿ ಆಯಾ ಮಾಡೆಲ್ಲಿನ ಸರ್ವಿಸ್ ಮ್ಯಾನುವಲ್‌ನಲ್ಲಿರುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ, ನಟ್ ತಿರುಗಿಸುವ ಗನ್ ಹಿಡಿದು ಬಿಗಿದರೆ ಚಕ್ರದ ಬೇರಿಂಗ್ ಕೆಲವೇ ತಿಂಗಳಲ್ಲಿ ಗುಂಯ್‌ಗುಡುತ್ತದೆ. ಕೀಲು ಬಿಚ್ಚದೆ ಅಂಟು ಹಾಕಿ ಮುಚ್ಚುವ ಸೀಳು ಬೂಟುಗಳೂ ಸಿಗುತ್ತವೆ. ದಾರಿ ಮಧ್ಯೆ ಊರು ತಲುಪಲು ಸರಿ, ಬೇರೆ ಹೊತ್ತಿಗೆ ಬೇಡ.

ಗುಂಡಿ ಬಿದ್ದ ರಸ್ತೆಗೆ ಮೊದಲ ಬಲಿ ಲೋವರ್ ಆರ್ಮ್ ಬುಷ್. ಬ್ರೇಕ್ ಹಾಕಿದಾಗ ದಡ್ ಎನ್ನುವುದು, ಗಾಡಿ ಒಂದು ಬದಿಗೆ ಎಳೆಯುವುದು, ಟೈರ್ ಒಳಅಂಚು ಮಾತ್ರ ಸವೆಯುವುದು ಇದರ ಗುರುತು. ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆ ಬಿರುಕು ಇದ್ದ ಮಾತ್ರಕ್ಕೆ ಹೆದರಬೇಡಿ. ಉದ್ದನೆಯ ಸರಳಿನಿಂದ ಆರ್ಮನ್ನು ಮೆಲ್ಲಗೆ ಮೀಟಿದಾಗ ರಬ್ಬರ್ ಲೋಹದಿಂದ ಬೇರ್ಪಟ್ಟು ಬಾಯಿಬಿಟ್ಟರೆ, ಅಥವಾ ಒಳಗೆ ದ್ರವ ತುಂಬಿದ ಬಗೆಯ ಬುಷ್ಷಿನಿಂದ ಕಪ್ಪು ಎಣ್ಣೆ ಒಸರಿದ್ದರೆ ಬದಲಿಸಿ.

ಹೊಸ ಬುಷ್ ಆರೇ ತಿಂಗಳಿಗೆ ಹರಿಯಿತು, ಮಾಲು ಡೂಪ್ಲಿಕೇಟ್ ಎಂಬ ದೂರು ಸಾಮಾನ್ಯ. ಮಾಲು ಡೂಪ್ಲಿಕೇಟ್ ಇರಬಹುದು. ಆದರೆ ಹಲವು ಸಲ ತಪ್ಪು ಜೋಡಣೆಯದು. ಈ ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಗಟ್ಟಿಯಾಗಿ ಹಿಡಿದಿರುತ್ತದೆ, ಆರ್ಮ್ ಮೇಲೆ ಕೆಳಗೆ ಆಡುವಾಗ ನಡುವಿನ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ನಿಂತಿರುತ್ತದೆ. ನಿಂತಾಗಲೂ ಅದಕ್ಕೆ ವಿಶ್ರಾಂತಿ ಇಲ್ಲ. ಬೋಲ್ಟನ್ನು ಕೈಬಿಗಿಗೆ ಬಿಟ್ಟು, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ, ಅಥವಾ ಆರ್ಮಿನ ಅಡಿ ಜ್ಯಾಕ್ ಕೊಟ್ಟು ಅಷ್ಟೇ ಎತ್ತರಕ್ಕೆ ಏರಿಸಿ, ಕೊನೆಯ ಬಿಗಿ ಕೊಡಬೇಕು. ನಿಮ್ಮ ಮೆಕ್ಯಾನಿಕ್ಕನ್ನು ಕೇಳಬೇಕಾದ ಒಂದೇ ಪ್ರಶ್ನೆ ಆರಿಸಿಕೊಳ್ಳಿ ಎಂದರೆ ಇದನ್ನೇ ಕೇಳಿ. ಪ್ರೆಸ್ಸಿನಲ್ಲಿ ಕೂರಿಸುವಾಗ ಸೋಪು ನೀರು ಸವರಬೇಕು, ಗ್ರೀಸ್ ಕೂಡದು. ರಬ್ಬರಿನಲ್ಲಿ ಬಿಟ್ಟಿರುವ ಖಾಲಿ ಕಿಂಡಿಗಳ ದಿಕ್ಕು ಹಳೆಯದರಂತೆಯೇ ಇರಬೇಕು. ಎರಡೂ ಬದಿ ಒಟ್ಟಿಗೆ ಬದಲಿಸಿ, ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕೆಲವರು ಪಾಲಿಯುರಿಥೇನ್ ಬುಷ್ ಹಾಕಿಸುತ್ತಾರೆ. ಅದು ಗಟ್ಟಿ, ಒಪ್ಪೋಣ. ರಸ್ತೆಯ ಪ್ರತಿ ಕಲ್ಲನ್ನೂ ಸ್ಟೀರಿಂಗಿಗೆ ತಲುಪಿಸುತ್ತದೆ. ನಮ್ಮ ರಸ್ತೆಗಳಿಗೆ ರಬ್ಬರೇ ಮೇಲು.

ಬ್ರೇಕ್ ಹೋಸ್ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಸ್ಟೀರಿಂಗ್ ತಿರುಗಿಸಿ ಮುಂದಿನ ಹೋಸುಗಳನ್ನು ಬಾಗಿಸಿ ನೋಡಿ. ಹೊರಪದರ ಸೀಳಿ ಒಳಗಿನ ನೂಲು ಕಂಡರೆ ಅಂದೇ ಬದಲಾವಣೆ. ಎಂಜಿನ್ ಚಾಲೂ ಇಟ್ಟು ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಎಲ್ಲಾದರೂ ಗುಳ್ಳೆಯಂತೆ ಉಬ್ಬಿದರೂ ಅಷ್ಟೆ. ಹೊರಗೆ ಕಾಣದ ರೋಗವೊಂದಿದೆ. ಒಳಪದರ ಊದಿ ದಾರಿ ಕಿರಿದಾದರೆ, ಕಾಲಿನ ಒತ್ತಡಕ್ಕೆ ದ್ರವ ಒಳಹೋಗುತ್ತದೆ, ವಾಪಸ್ ಬರಲು ತಡವಾಗುತ್ತದೆ. ಆ ಚಕ್ರ ಬ್ರೇಕ್ ಹಿಡಿದುಕೊಂಡೇ ತಿರುಗುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ನಾಲ್ಕೂ ರಿಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಮುಂದಿನ ಎರಡು ಹೇಗೂ ಹೆಚ್ಚು ಬಿಸಿ, ಆದರೆ ಎಡಬಲ ಒಂದೇ ಸಮ ಇರಬೇಕು. ಒಂದು ಮಾತ್ರ ಕಾದಿದ್ದರೆ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರಿನ ಪಿನ್ ಕಚ್ಚಿರಬಹುದು, ಪಿಸ್ಟನ್ ಸಿಕ್ಕಿಕೊಂಡಿರಬಹುದು, ಹೋಸ್ ಕಟ್ಟಿರಬಹುದು. ಕ್ಯಾಲಿಪರಿನಲ್ಲಿ ದ್ರವ ಹೊರಬಿಡಲು ಇರುವ ಬ್ಲೀಡ್ ನಿಪ್ಪಲ್ ಸಡಿಲಿಸಿದ ಕೂಡಲೇ ಚಕ್ರ ಹಗುರಾಗಿ, ಮೇಲುಗಡೆ, ಪೆಡಲಿನ ಒತ್ತಡವನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರಿನ ಜೋಡಣೆ ಸಡಿಲಿಸಿದಾಗ ಹಗುರಾಗದಿದ್ದರೆ ಅನುಮಾನ ಹೋಸಿನ ಮೇಲೆ. ಪ್ಯಾಡ್ ಬದಲಿಸುವಾಗ ಕ್ಯಾಲಿಪರನ್ನು ಹೋಸಿಗೇ ನೇತುಬಿಡುವ ಅಭ್ಯಾಸ ಈ ರೋಗಕ್ಕೆ ಒಂದು ಕಾರಣ. ಒಂದು ತುಂಡು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದರೆ ಮುಗಿಯಿತು.

ಬದಲಿಸುವಾಗ ಕಬ್ಬಿಣದ ಪೈಪಿನ ನಟ್ಟಿಗೆ ಫ್ಲೇರ್ ನಟ್ ಸ್ಪ್ಯಾನರನ್ನೇ ಹಾಕಿ, ಮಾಮೂಲಿ ಸ್ಪ್ಯಾನರ್ ಮೂಲೆ ಸವೆಸುತ್ತದೆ. ತಾಮ್ರದ ವಾಷರ್ ಹೊಸದೇ ಇರಲಿ. ಹೋಸ್ ಮೇಲಿನ ಉದ್ದಗೆರೆ ತಿರುಚಿರಬಾರದು. ಸ್ಟೀರಿಂಗ್ ಎರಡೂ ಬದಿ ಪೂರ್ತಿ ತಿರುಗಿಸಿ ಟೈರಿಗೆ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಆಯಿಲ್ ಅಲ್ಲ, ಗ್ಲೈಕಾಲ್ ಜಾತಿಯದು. ತಪ್ಪಿ ಒಂದು ಚಮಚ ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಡಬ್ಬಕ್ಕೆ ಬಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಚಕ್ರದ ಬಳಿಯ ಕಪ್ ಸೀಲ್‌ಗಳ ತನಕ ರಬ್ಬರೆಲ್ಲ ಊದುತ್ತದೆ. ಸೀಲ್ ಒಡೆಯದ ಡಬ್ಬದ ದ್ರವವನ್ನೇ ಬಳಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ನಂದಿಬೆಟ್ಟ ಇಳಿಯುವಾಗ ಈ ವ್ಯತ್ಯಾಸ ಪೆಡಲಿಗೆ ಗೊತ್ತಾಗುತ್ತದೆ. ಕ್ಯಾಲಿಪರ್ ಪಿನ್ನಿಗೆ ಹಾಕುವುದು ಸಿಲಿಕೋನ್ ಗ್ರೀಸ್, ಬೇರಿಂಗ್ ಗ್ರೀಸ್ ಅಲ್ಲ. ಕಾರಣ ಅದೇ, ರಬ್ಬರ್ ಊದುತ್ತದೆ.

ಪೆಟ್ರೋಲ್ ಕಾರಿನವರಿಗೆ ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. 2023ರ ಏಪ್ರಿಲ್‌ನಿಂದೀಚಿನ ಕಾರುಗಳ ಇಂಧನ ಭಾಗಗಳು ಅದಕ್ಕೆ ತಕ್ಕಂತೆ ಮಾಡಿದವು. ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಮೊದಲಿಗಿಂತ ಬೇಗ ಬದಲಿಸಬೇಕಾಗಬಹುದು ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಗಾಬರಿ ಬೇಡ, ಮೂಗು ಎಚ್ಚರವಿರಲಿ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ಹಿಂಬದಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಟ್ಯಾಂಕಿನ ಮೂತಿಯ ದಪ್ಪ ಹೋಸ್ ಸೀಳಿರಬಹುದು. ಬಾನೆಟ್ಟಿನೊಳಗೆ ವಾಸನೆ ಬಂದರೆ ಗಾಡಿ ತೆಗೆಯಬೇಡಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಇಂಜೆಕ್ಷನ್ ಗಾಡಿಯ ಪೈಪಿನಲ್ಲಿ ಮೂರು ನಾಲ್ಕು ಬಾರ್ ಒತ್ತಡ ಇರುವುದರಿಂದ ಮೀಟರ್ ಲೆಕ್ಕದಲ್ಲಿ ಮಾರುವ ಮಾಮೂಲಿ ರಬ್ಬರ್ ಪೈಪು ಕತ್ತರಿಸಿ ಹಾಕಿಸಿಕೊಳ್ಳಬಾರದು. ಮನೆಯಲ್ಲಿ ಕೈಯಾರೆ ಮಾಡುವ ಕೆಲಸವೂ ಇದಲ್ಲ.

ಉಳಿದವು ಸಣ್ಣವು. ವೈಪರ್ ರಬ್ಬರ್ ಡಿಸೆಂಬರಿನಿಂದ ಮಾರ್ಚ್‌ವರೆಗೆ ಬಿಸಿಲಿನಲ್ಲಿ ಒಂದೇ ಭಂಗಿಯಲ್ಲಿ ಬಾಗಿ ಗಟ್ಟಿಯಾಗಿರುತ್ತದೆ. ಏಪ್ರಿಲ್‌ನಲ್ಲೇ ಬದಲಿಸಿ. ಕೆಲವು ಮಾಡೆಲ್‌ಗಳಿಗೆ ರಬ್ಬರ್ ಪಟ್ಟಿ ಮಾತ್ರವೂ ಸಿಗುತ್ತದೆ. ಬ್ಲೇಡ್ ತೆಗೆದ ತೋಳು ಸ್ಪ್ರಿಂಗಿನ ಬಿಗಿಗೆ ಮಡಚಿ ಬಿದ್ದರೆ ಗಾಜು ಸೀಳುತ್ತದೆ, ಅದರಡಿ ದಪ್ಪ ಬಟ್ಟೆ ಹಾಸಿ. ಕಾಲಡಿ ಒದ್ದೆಯಾದರೆ ಬಾಗಿಲಿನ ಬೀಡಿಂಗ್ ದೂರುವ ಮೊದಲು ವೈಪರ್ ಬುಡದ ಜಾಲರಿ ನೋಡಿ. ಮಾರ್ಚ್‌ನಲ್ಲಿ ಉದುರಿದ ಟಬೆಬುಯಾ ಹೂ, ಮಳೆಮರದ ಎಲೆ ಅಲ್ಲಿನ ನೀರಿಳಿಯುವ ತೂತು ಮುಚ್ಚಿರುತ್ತವೆ. ಬಾಗಿಲ ಕೆಳಅಂಚಿನ ತೂತುಗಳೂ ಹಾಗೆಯೇ. ಬೀಡಿಂಗ್‌ಗೆ ವರ್ಷಕ್ಕೆರಡು ಸಲ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದರೆ ಬಹುಕಾಲ ಬಾಳುತ್ತದೆ. ಏಸಿ ಹಾಕಿ ನಿಂತಾಗ ಇಡೀ ಗಾಡಿ ನಡುಗಿದರೆ ಎಂಜಿನ್ ಮೌಂಟಿಂಗ್. ಒಂದು ಹೋದರೆ ಉಳಿದವುಗಳ ಮೇಲೆ ಭಾರ ಬಿದ್ದಿರುತ್ತದೆ, ಎಲ್ಲವನ್ನೂ ನೋಡಿಸಿ. ಬ್ರೇಕ್ ಪೆಡಲ್ ಕಲ್ಲಿನಂತಾದರೆ ಪೆಡಲ್ ಹಗುರಾಗಿಸುವ ಬೂಸ್ಟರಿನ ವ್ಯಾಕ್ಯೂಮ್ ಹೋಸ್ ನೋಡಬೇಕು: ಎಂಜಿನ್ ಆಫ್ ಇಟ್ಟು ನಾಲ್ಕೈದು ಸಲ ಪೆಡಲ್ ತುಳಿದು, ತುಳಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಟೈರಿನ ವಯಸ್ಸು ಅದರ ಬದಿಯಲ್ಲೇ ನಾಲ್ಕು ಅಂಕಿಯಲ್ಲಿದೆ: 2319 ಎಂದರೆ 2019ರ 23ನೇ ವಾರ. ಸ್ಟೆಪ್ನಿಯದನ್ನೂ ಓದಿ, ಅದಕ್ಕೂ ವಯಸ್ಸಾಗುತ್ತದೆ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋಗುವವರು ಮಾಡೆಲ್ ಹೆಸರು ಹೇಳಿ ಸುಮ್ಮನಾಗಬೇಡಿ. ಒಂದೇ ಹೆಸರಿನ ಕಾರಿಗೆ ಎರಡು ಮೂರು ಬಗೆಯ ಬೂಟ್, ಬುಷ್ ಇರುತ್ತವೆ. ಛಾಸಿ ನಂಬರ್ ಮತ್ತು ಹಳೆಯ ಪಾರ್ಟ್ ಎರಡೂ ಜೊತೆಗಿರಲಿ. ಪ್ಯಾಕೆಟ್ ಮೇಲೆ ತಯಾರಾದ ತಿಂಗಳು, ವರ್ಷ ಓದಿ. ಅಸಲಿ ಮಾಲೇ ಆದರೂ ಅಂಗಡಿಯ ಅಟ್ಟದಲ್ಲಿ ಆರು ವರ್ಷ ಕೂತ ರಬ್ಬರ್ ಹೊಸದಲ್ಲ. ಬಗ್ಗಿಸಿ ನೋಡಿ, ಬಾಗಿದಲ್ಲಿ ಸಣ್ಣ ಬಿರುಕು ಅಥವಾ ಬಿಳಿಚು ಗೆರೆ ಕಂಡರೆ ಬೇರೆ ಕೇಳಿ. ಗ್ಯಾರೇಜಿನಲ್ಲಿ 'ಸಸ್ಪೆನ್ಷನ್ ಕೆಲಸ' ಎಂದು ಒಂದೇ ಸಾಲಿನ ಬಿಲ್ ಬರೆಸಿಕೊಳ್ಳದೆ, ಪಾರ್ಟ್ ನಂಬರ್, ಯಾವ ಬದಿ, ಕೂಲಿ ಎಷ್ಟು ಎಂದು ಬಿಡಿಸಿ ಬರೆಸಿ. ಬಿಚ್ಚಿದ ಹಳೆಯ ರಬ್ಬರ್ ವಾಪಸ್ ಕೇಳಿ, ಬೆಳಕಿಗೆ ಹಿಡಿದು ಸೀಳು ಎಲ್ಲಿದೆ ಎಂದು ಅವರಿಂದಲೇ ತೋರಿಸಿಕೊಳ್ಳಿ. ಬಿಲ್ಲಿನಲ್ಲಿ ಓಡೋಮೀಟರ್ ಅಂಕಿ ಸಾಮಾನ್ಯವಾಗಿ ಬರೆದೇ ಇರುತ್ತಾರೆ. ರಬ್ಬರ್ ಪ್ಯಾಕೆಟ್ ಮೇಲಿನ ತಿಂಗಳು-ವರ್ಷವನ್ನು ಅದರ ಪಕ್ಕದಲ್ಲೇ ಬರೆಸಿಟ್ಟುಕೊಂಡರೆ ಮುಂದಿನ ಸಲ ಲೆಕ್ಕ ಹಾಕಲು ಅನುಕೂಲ.

ಇಂತಿ,
ಕಾರು ರಿಪೇರಿ ಕೆಲಸದಲ್ಲಿರುವ ಓದುಗರು,
ವಿಲ್ಸನ್ ಗಾರ್ಡನ್, ಬೆಂಗಳೂರು